ಎರಡು ಓವರ್‌ಗಳ ನಡುವಿನ ಹರಟೆ

ವರ್ಷಗಟ್ಟಲೆ ಜೊತೆಗೆ ಕೂತು ಆಟ ನೋಡಿದವರ ಮಾತಿಗೆ ಕಿವಿಗೊಟ್ಟರೆ ಒಂದು ಸಂಗತಿ ಬೇಗ ತಿಳಿಯುತ್ತದೆ. ಅದರಲ್ಲಿ ಆಟದ ಮಾತು ಕಡಿಮೆ. ಮಗಳ ಪರೀಕ್ಷೆ, ಸೋರುವ ಮಾಡು, ಮಂಡಿನೋವು, ನಿನ್ನೆ ನೋಡಿದ ಸಿನಿಮಾ, ಕೆಲಸ ಬಿಡಲೋ ಬೇಡವೋ ಎಂಬ ಗೊಂದಲ, ಇವೇ ಹೆಚ್ಚು. ನಡುವೆ ‘ಅಯ್ಯೋ, ಅಷ್ಟು ಹೊರಗಿನ ಚೆಂಡಿಗೆ ಯಾಕೆ ಬ್ಯಾಟ್ ಚಾಚಿದ’ ಎಂಬ ಉದ್ಗಾರ ಬರುತ್ತದೆ, ಮರುಕ್ಷಣ ಮತ್ತೆ ಮಂಡಿನೋವು. ಹೊರಗಿನವರಿಗೆ ಇದು ಹಿಡಿತವಿಲ್ಲದ ಮಾತು ಅನ್ನಿಸುತ್ತದೆ. ಆದರೆ ಈ ಹರಟೆಗೆ ಗಟ್ಟಿಯಾದ ಚೌಕಟ್ಟಿದೆ. ಅದನ್ನು ಕಟ್ಟಿಕೊಡುವುದು ಆಟದ ಬಿಡುವುಗಳು. ಕೂತವರೆಲ್ಲರಿಗೂ ಬಿಡುವು ಒಂದೇ ಗಳಿಗೆಯಲ್ಲಿ ಸಿಗುತ್ತಿದ್ದರೆ ಮಾತು ತಾನಾಗಿ ನಡೆಯುತ್ತದೆ, ಅದು ತಪ್ಪಿದರೆ ಮಾತೂ ತಪ್ಪುತ್ತದೆ. ಇವತ್ತು ನಾನು ಹೇಳುವುದೆಲ್ಲ ಈ ಒಂದು ವಿಷಯದ ಸುತ್ತಲೇ.

ಮೊದಲು ಬಿಡುವಿನ ಲೆಕ್ಕ ಹಾಕೋಣ. ಟೆಸ್ಟ್ ಪಂದ್ಯದ ಒಂದು ದಿನವೆಂದರೆ ಆರು ಗಂಟೆ ಆಟ, 90 ಓವರ್, ಅಂದರೆ 540 ಚೆಂಡು. ಬೌಲರ್ ಓಡಲು ಶುರು ಮಾಡಿದಲ್ಲಿಂದ ಚೆಂಡು ಫೀಲ್ಡರ್ ಕೈ ಸೇರುವವರೆಗೆ ಹತ್ತು ಸೆಕೆಂಡ್ ಎಂದು ಧಾರಾಳವಾಗಿ ಹಿಡಿಯಿರಿ. ಒಟ್ಟು ಒಂದೂವರೆ ಗಂಟೆಯಾಯಿತು. ಉಳಿದ ನಾಲ್ಕೂವರೆ ಗಂಟೆ ನಿಮ್ಮದೇ. ಅದರ ಮೇಲೆ ಊಟದ ವಿರಾಮ 40 ನಿಮಿಷ, ಚಹಾ ವಿರಾಮ 20 ನಿಮಿಷ. ಟೆಸ್ಟ್ ನೋಡುವವರು ಮಾತಿನಲ್ಲಿ ನಿಧಾನಸ್ಥರಾಗಿರುವುದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಬೇರೆ ಆಟಗಳ ಬಿಡುವು ಬೇರೆ ಅಳತೆಯದು. ಟೆನಿಸ್‌ನಲ್ಲಿ ಆಟಗಾರರು ಬದಿ ಬದಲಿಸುವಾಗ 90 ಸೆಕೆಂಡ್, ಒಂದು ಸೆಟ್ ಮುಗಿದಾಗ 120 ಸೆಕೆಂಡ್, ಒಂದು ಪಾಯಿಂಟ್‌ಗೂ ಮುಂದಿನ ಸರ್ವ್‌ಗೂ ನಡುವೆ 25 ಸೆಕೆಂಡ್. ಫುಟ್‌ಬಾಲ್‌ನಲ್ಲಿ 45 ನಿಮಿಷ ನಂಬಬಹುದಾದ ಬಿಡುವೇ ಇಲ್ಲ, ಆಮೇಲೆ ಒಮ್ಮೆಗೇ 15 ನಿಮಿಷ. ಅದಕ್ಕೇ ಫುಟ್‌ಬಾಲ್ ನೋಡುವವರು ಅರ್ಧವಿರಾಮದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಾರೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 2023ರಿಂದ ಪಿಚರ್‌ಗೆ ಗಡಿಯಾರ ಬಂತು. ಬೇಸ್‌ಗಳಲ್ಲಿ ಯಾರೂ ಇಲ್ಲದಿದ್ದರೆ 15 ಸೆಕೆಂಡ್ ಒಳಗೆ ಎಸೆಯಲು ತೊಡಗಬೇಕು. ಒಂಬತ್ತು ಇನಿಂಗ್ಸ್ ಪಂದ್ಯದ ಸರಾಸರಿ ಅವಧಿ 3 ಗಂಟೆ 4 ನಿಮಿಷದಿಂದ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಆಟ ಚುರುಕಾಯಿತು, ಅದನ್ನು ಮೆಚ್ಚುವವರೇ ಬಹಳ. ಆದರೆ ಕಡಿತವಾದ ಆ 24 ನಿಮಿಷ ಹರಟೆಯ ನಿಮಿಷಗಳು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕ್ರಿಕೆಟ್‌ನ ಏಕದಿನ ಮತ್ತು ಟಿ20 ಅಂತರರಾಷ್ಟ್ರೀಯ ಪಂದ್ಯಗಳಲ್ಲೂ ಈಗ ಒಂದು ಓವರ್ ಮುಗಿದ 60 ಸೆಕೆಂಡ್ ಒಳಗೆ ಮುಂದಿನ ಓವರ್‌ಗೆ ಸಿದ್ಧರಾಗಬೇಕೆಂಬ ನಿಯಮವಿದೆ.

ಈ ಅಳತೆಗೆ ತಕ್ಕಂತೆ ಮಾತು ಹೊಂದಿಸಿಕೊಳ್ಳುವುದು ಹಳೆಯ ಅಭಿಮಾನಿಗಳಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ವೇಗಿ ಮತ್ತೆ ತನ್ನ ಗುರುತಿಗೆ ನಡೆದುಹೋಗುವ ಅರ್ಧ ನಿಮಿಷದಲ್ಲಿ ಒಂದು ಪ್ರಶ್ನೆ ಕೇಳಬಹುದು: ‘ಅಮ್ಮ ಹೇಗಿದ್ದಾರೆ?’ ಉತ್ತರ ಮುಂದಿನ ಚೆಂಡಾದ ಮೇಲೆ. ಓವರ್ ಬದಲಾಗುವ ಒಂದು ನಿಮಿಷದಲ್ಲಿ ಒಂದು ಸುದ್ದಿ ಪೂರ್ತಿ ಹೇಳಿ ಮುಗಿಸಬಹುದು. ಆಟಗಾರರು ನೀರು ಕುಡಿಯುವಾಗ ಒಂದು ಸಲಹೆ ಕೇಳಬಹುದು. ಇನಿಂಗ್ಸ್‌ಗಳ ನಡುವೆ ಆಸ್ಪತ್ರೆ, ಸಾಲ, ಮದುವೆಯಂಥ ದೊಡ್ಡ ವಿಷಯಗಳಿಗೆ ಜಾಗವಿದೆ. ದೊಡ್ಡ ವಿಷಯವನ್ನು ಚಿಕ್ಕ ಬಿಡುವಿನಲ್ಲಿ ಎತ್ತಿದರೆ ಏನಾಗುತ್ತದೆ? ‘ವೈದ್ಯರು ಶಸ್ತ್ರಚಿಕಿತ್ಸೆ ಆಗಲೇಬೇಕು ಅಂತಿದ್ದಾರೆ’ ಅನ್ನುವಷ್ಟರಲ್ಲಿ ವಿಕೆಟ್ ಬೀಳುತ್ತದೆ, ಎಲ್ಲರೂ ಕೂಗುತ್ತಾರೆ, ಹೇಳಿದವರ ಮುಖ ಚಿಕ್ಕದಾಗುತ್ತದೆ. ತಪ್ಪು ಯಾರದ್ದೂ ಅಲ್ಲ, ಹೊತ್ತು ಹೊಂದಲಿಲ್ಲ ಅಷ್ಟೆ.

ಇಲ್ಲೊಂದು ಒಳ್ಳೆಯ ನಡವಳಿಕೆಯಿದೆ. ಚೆಂಡು ಬಂದಾಗ ವಾಕ್ಯವನ್ನು ಅರ್ಧಕ್ಕೆ ಬಿಡುವುದು ಈ ಬಳಗದಲ್ಲಿ ಅವಮಾನವಲ್ಲ. ಬೇರೆ ಯಾವ ಕೂಟದಲ್ಲೂ ಮಾತು ಹಾಗೆ ತುಂಡಾದರೆ ಬೇಸರವಾದೀತು. ಇಲ್ಲಿ ಮಾತ್ರ ಕೇಳುತ್ತಿದ್ದವರ ಮೇಲೆ ಒಂದು ಜವಾಬ್ದಾರಿ ಬೀಳುತ್ತದೆ, ಎಲ್ಲಿಗೆ ನಿಂತಿತ್ತು ಎಂದು ನೆನಪಿಟ್ಟುಕೊಳ್ಳುವುದು. ‘ಹಾಂ, ಶಸ್ತ್ರಚಿಕಿತ್ಸೆ ಅಂದಿರಿ, ಯಾವಾಗಂತೆ?’ ಎಂದು ಕೇಳುಗರೇ ಎತ್ತಿಕೊಡಬೇಕು. ಹೇಳುವವರೇ ಮತ್ತೆ ಶುರು ಮಾಡಬೇಕಾಗಿ ಬಂದರೆ, ಅದೂ ಎರಡು ಸಲ ಹಾಗಾದರೆ, ಮೂರನೆಯ ಸಲ ಅವರು ಹೇಳುವುದಿಲ್ಲ. ನಿಮ್ಮ ಬಳಗದಲ್ಲಿ ಒಬ್ಬರು ಸದಾ ಸುಮ್ಮನೆ ಕೂರುತ್ತಾರೆ ಎಂದರೆ ಮೊದಲು ಇದನ್ನು ಪರೀಕ್ಷಿಸಿ. ಅವರ ಎಷ್ಟು ಮಾತು ಅರ್ಧಕ್ಕೆ ನಿಂತಿದೆ, ಅದನ್ನು ಎತ್ತಿಕೊಟ್ಟವರು ಯಾರು?

ಎದುರುಬದುರು ಕೂತು ಹೇಳಲಾಗದ್ದನ್ನು ಜನ ಆಟ ನೋಡುತ್ತ ಹೇಳುತ್ತಾರೆ. ಕಣ್ಣು ಪರದೆಯ ಮೇಲಿರುತ್ತದೆ, ಯಾರೂ ಮುಖ ದಿಟ್ಟಿಸುವುದಿಲ್ಲ, ಹೇಳಿದ ಮೇಲೆ ಮೌನ ಬಂದರೂ ಅದು ಆಟದ ಮೌನವಾಗಿಬಿಡುತ್ತದೆ. ಹಾಗಾಗಿ ಅಂಥ ಮಾತು ಬಂದಾಗ ಟಿವಿ ಆರಿಸಿ, ಕುರ್ಚಿ ತಿರುಗಿಸಿ, ‘ಈಗ ಹೇಳಿ’ ಎಂದು ಕೂರಬೇಡಿ. ಮಾತು ಅಲ್ಲಿಗೇ ನಿಂತುಬಿಡುತ್ತದೆ. ದನಿ ಸ್ವಲ್ಪ ತಗ್ಗಿಸಿ, ಆಟ ನಡೆಯಲಿ, ನೀವೂ ಪರದೆಯನ್ನೇ ನೋಡುತ್ತಿರಿ.

ಒಂದು ಅಡ್ಡ ಮಾತು. ಬಿಡುವಿನ ಮಾತನ್ನು ಕಲೆಯ ಮಟ್ಟಕ್ಕೆ ಒಯ್ದದ್ದು ರೇಡಿಯೊ. ಬಿಬಿಸಿಯ ಕ್ರಿಕೆಟ್ ಕಾಮೆಂಟರಿ ಕಾರ್ಯಕ್ರಮ ಟೆಸ್ಟ್ ಮ್ಯಾಚ್ ಸ್ಪೆಷಲ್ 1957ರಲ್ಲಿ ಶುರುವಾಯಿತು. ಮೈದಾನದ ಆಚೆ ಸಾಗುವ ಬಸ್ಸು, ಹುಲ್ಲಿನ ಮೇಲೆ ಇಳಿದ ಪಾರಿವಾಳ, ಇಂಥವನ್ನೇ ವರ್ಣಿಸಿ ಅದರ ಕಾಮೆಂಟೇಟರ್ ಹೆನ್ರಿ ಬ್ಲೋಫೆಲ್ಡ್ ಹೆಸರಾದರು. ಗಮನಿಸಬೇಕಾದ ಸಂಗತಿ ಏನೆಂದರೆ, ಬೌಲರ್ ಓಡಲು ಶುರು ಮಾಡಿದ ಕೂಡಲೇ ಪಾರಿವಾಳದ ಮಾತು ನಿಲ್ಲುತ್ತಿತ್ತು. ಬಳಗದಲ್ಲಿ ಒಬ್ಬರು ತಾವೇ ಕಾಮೆಂಟೇಟರ್ ಆಗಿ ಪ್ರತಿ ಚೆಂಡಿಗೂ ವಿವರಣೆ ಕೊಡುತ್ತಿದ್ದರೆ ಅವರಿಗೆ ಈ ಕಾರ್ಯಕ್ರಮ ಕೇಳಿಸುವುದು ಒಳ್ಳೆಯದು. ಏನು ಹೇಳಬೇಕು ಎನ್ನುವುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಎನ್ನುವುದು ಅಲ್ಲಿ ಚೆನ್ನಾಗಿ ಕಲಿಯಲು ಸಿಗುತ್ತದೆ.

ಇನ್ನು ಕೂರುವ ವ್ಯವಸ್ಥೆ. ಇದನ್ನು ಯಾರೂ ಯೋಚಿಸುವುದಿಲ್ಲ, ಆದರೆ ಮಾತು ಕೆಡುವುದು ಬಹಳ ಸಲ ಇಲ್ಲಿಯೇ. ಆರು ಜನ ಒಂದೇ ನೇರ ಸಾಲಿನಲ್ಲಿ ಕೂತರೆ ಈ ತುದಿಯವರಿಗೆ ಆ ತುದಿಯವರು ಕಾಣುವುದಿಲ್ಲ. ಆಗ ಇಬ್ಬಿಬ್ಬರ ಮೂರು ಗುಂಪಾಗುತ್ತದೆ, ಒಂದು ಬಳಗ ಉಳಿಯುವುದಿಲ್ಲ. ಕುರ್ಚಿಗಳನ್ನು ಬಿಲ್ಲಿನಂತೆ ಬಾಗಿಸಿ ಹಾಕಿ, ತುದಿಯ ಎರಡು ಕುರ್ಚಿಗಳನ್ನು ಒಂದು ಹೆಜ್ಜೆ ಮುಂದಕ್ಕೆ ತಂದು ಒಳಕ್ಕೆ ತಿರುಗಿಸಿ. ದೂರದ ವಿಷಯದಲ್ಲಿ ಪರದೆಯ ಕರ್ಣದ ಅಳತೆಯ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಇರಲಿ. 55 ಅಂಗುಲದ ಟಿವಿಯ ಕರ್ಣ ಸುಮಾರು 140 ಸೆಂಟಿಮೀಟರ್, ಹಾಗಾಗಿ ಎರಡೂಕಾಲು ಮೀಟರ್ ದೂರ ಸರಿಹೋಗುತ್ತದೆ. ಕೋಣೆಯ ದೀಪ ಪೂರ್ತಿ ಆರಿಸಬೇಡಿ. ಟಿವಿಯ ಹಿಂಬದಿಗೋ ಪಕ್ಕಕ್ಕೋ ಒಂದು ಮಂದ ದೀಪ ಇದ್ದರೆ ಪರದೆಯಲ್ಲಿ ಪ್ರತಿಫಲನ ಬೀಳದು, ಪಕ್ಕದವರ ಮುಖವೂ ಕಾಣುತ್ತದೆ.

ದನಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಟಿವಿಯ ದನಿಯನ್ನು ಜನಸಂದಣಿ ಕೂಗುತ್ತಿರುವಾಗ ಹೊಂದಿಸಬೇಡಿ, ಕಾಮೆಂಟರಿ ಸಾವಧಾನವಾಗಿ ನಡೆಯುತ್ತಿರುವಾಗ ಹೊಂದಿಸಿ. ಪರೀಕ್ಷೆ ಸುಲಭ. ನಿಮ್ಮಿಂದ ಎರಡು ಮೀಟರ್ ದೂರ ಕೂತವರ ಜೊತೆ ದನಿ ಏರಿಸದೆ ಮಾತಾಡಿ. ಅವರು ‘ಏನು?’ ಅಂದರೆ ಟಿವಿ ಜೋರಾಗಿದೆ ಎಂದೇ ಅರ್ಥ. ಬಳಗದಲ್ಲಿ ವಯಸ್ಸಾದವರಿದ್ದರೆ ‘ನನಗೆ ಕೇಳಿಸ್ತಿಲ್ಲ, ಜಾಸ್ತಿ ಮಾಡಿ’ ಎನ್ನುತ್ತಾರೆ. ವಯಸ್ಸಾದಂತೆ ಮೊದಲು ಕುಗ್ಗುವುದು ತೀಕ್ಷ್ಣ ಸ್ವರಗಳನ್ನು ಕೇಳುವ ಶಕ್ತಿ. ಸ, ಶ, ತ ಇಂಥ ಅಕ್ಷರಗಳು ಜಾರುತ್ತವೆ, ಜನರ ಗದ್ದಲ ಮಾತ್ರ ಹಾಗೇ ಕೇಳಿಸುತ್ತದೆ. ಒಟ್ಟು ದನಿ ಏರಿಸಿದರೆ ಗದ್ದಲವೇ ಹೆಚ್ಚಾಗುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಅದರ ಬದಲು ಟಿವಿಯ ದನಿ ಆಯ್ಕೆಯಲ್ಲಿ ಮಾತನ್ನು ಮುಂದೆ ತರುವ ಒಂದು ವಿಧಾನ ಇರುತ್ತದೆ, ಅದನ್ನು ಹಾಕಿ. ಸೌಂಡ್‌ಬಾರ್ ಇದ್ದು ಅದರಲ್ಲಿ ಮಧ್ಯದ ಸ್ಪೀಕರ್ ಬೇರೆಯೇ ಆಗಿದ್ದರೆ ಅದೊಂದನ್ನೇ ಎರಡು ಮೂರು ಹಂತ ಏರಿಸಿ. ಕಾಮೆಂಟರಿ ಸಾಮಾನ್ಯವಾಗಿ ಬರುವುದು ಅದರಲ್ಲೇ.

ಈಗ ಬೇರೆ ಬೇರೆ ಮನೆಗಳಲ್ಲಿ ಕೂತು, ಫೋನಿನ ಗುಂಪಿನಲ್ಲಿ ಹರಟುತ್ತ ಆಟ ನೋಡುವವರ ವಿಷಯ. ಇಂದಿನ ದಿನ ಹೆಚ್ಚು ಬಳಗಗಳು ಕೆಡುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ.

ನೀವು ‘ಲೈವ್’ ಎಂದು ನೋಡುವುದು ನಿಜಕ್ಕೂ ಆ ಕ್ಷಣದ್ದಲ್ಲ. ಹಲವರು ಉಪಗ್ರಹವನ್ನು ದೂರುತ್ತಾರೆ. ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಮೇಲೆ ಹೋಗಿ ಕೆಳಗೆ ಬರಲು ಸಂಕೇತಕ್ಕೆ ಬೇಕಾಗುವುದು ಕಾಲು ಸೆಕೆಂಡ್ ಮಾತ್ರ. ಚಿತ್ರವನ್ನು ಕುಗ್ಗಿಸಿ ಮತ್ತೆ ಬಿಡಿಸುವ ಕೆಲಸಕ್ಕೆ ಇನ್ನು ಕೆಲವು ಸೆಕೆಂಡ್. ಹೀಗೆ ಡಿಶ್ ಇರುವವರು ಕೆಲವೇ ಸೆಕೆಂಡ್ ಹಿಂದೆ ಇರುತ್ತಾರೆ. ಇಂಟರ್ನೆಟ್‌ನಲ್ಲಿ ಬರುವ ಚಿತ್ರದ ರೀತಿ ಬೇರೆ. ಅಲ್ಲಿ ವಿಡಿಯೊವನ್ನು ತುಂಡು ತುಂಡಾಗಿ ಕತ್ತರಿಸಿ ಕಳಿಸುತ್ತಾರೆ, ಒಂದು ತುಂಡು ಸಾಮಾನ್ಯವಾಗಿ ಆರು ಸೆಕೆಂಡ್. ನಡುವೆ ನಿಲ್ಲದಿರಲಿ ಎಂದು ಆ್ಯಪ್ ಮೊದಲು ಸುಮಾರು ಮೂರು ತುಂಡು ಕೂಡಿಟ್ಟುಕೊಂಡು ಆಮೇಲೆ ತೋರಿಸಲು ಶುರು ಮಾಡುತ್ತದೆ. ಅಲ್ಲಿಗೇ 18 ಸೆಕೆಂಡ್ ಆಯಿತು. ಕತ್ತರಿಸುವ, ಸಾಗಿಸುವ ಹೊತ್ತು ಸೇರಿದರೆ ಅರ್ಧ ನಿಮಿಷ ದಾಟುವುದು ಅಪರೂಪವೇನಲ್ಲ. ಹಳೆಯ ಮಾದರಿಯ ರೇಡಿಯೊ ಇವೆರಡಕ್ಕಿಂತಲೂ ಮುಂದೆ. ಇಂಥ ಮೂವರು ಒಂದೇ ಗುಂಪಿನಲ್ಲಿದ್ದರೆ ರೇಡಿಯೊದವರು ‘ಹೋಯ್ತು!’ ಎಂದು ಬರೆದಾಗ ಫೋನಿನವರಿಗೆ ಬೌಲರ್ ಇನ್ನೂ ಹಿಂದಿನ ಚೆಂಡು ಎಸೆಯುತ್ತಿರುತ್ತಾನೆ.

ಇದನ್ನು ಸರಿಪಡಿಸಬಹುದು. ಆಟ ಶುರುವಾಗಿ ಒಂದೆರಡು ಓವರ್ ಆದ ಮೇಲೆ ಎಲ್ಲರೂ ಒಂದು ಕರೆಯಲ್ಲಿ ಸೇರಿ. ಕರೆಯಲ್ಲಿ ದನಿ ತಲುಪಲು ಅರ್ಧ ಸೆಕೆಂಡೂ ಹಿಡಿಯದು, ನಮ್ಮ ಕೆಲಸಕ್ಕೆ ಅಷ್ಟು ಸಾಕು. ಎಲ್ಲರಿಗಿಂತ ಮುಂದಿರುವವರು, ಅಂದರೆ ರೇಡಿಯೊ ಅಥವಾ ಡಿಶ್ ಇರುವವರು, ಓವರ್‌ನ ಮೊದಲ ಚೆಂಡು ಬೌಲರ್ ಕೈಬಿಟ್ಟ ಕ್ಷಣ ‘ಬಿಟ್ಟ’ ಎನ್ನಲಿ. ಉಳಿದವರು ಆಗ ಸ್ಟಾಪ್‌ವಾಚ್ ಒತ್ತಿ, ಅದೇ ಚೆಂಡು ತಮ್ಮ ಪರದೆಯಲ್ಲಿ ಬಂದಾಗ ನಿಲ್ಲಿಸಲಿ. ಓವರ್‌ನ ಮೊದಲ ಚೆಂಡನ್ನೇ ಆರಿಸುವುದು ಯಾಕೆಂದರೆ ಯಾವ ಚೆಂಡು ಎಂಬ ಗೊಂದಲ ಇರುವುದಿಲ್ಲ. ಫುಟ್‌ಬಾಲ್‌ನಲ್ಲಿ ಇನ್ನೂ ಸುಲಭ. ಒಬ್ಬರು ‘ಈಗ’ ಎಂದಾಗ ಎಲ್ಲರೂ ತಮ್ಮ ಪರದೆಯ ಗಡಿಯಾರ ಓದಿದರೆ ವ್ಯತ್ಯಾಸ ನೇರವಾಗಿ ಸಿಗುತ್ತದೆ.

ಉದಾಹರಣೆಗೆ, ಡಿಶ್‌ನವರಿಗಿಂತ ಒಬ್ಬರು 22 ಸೆಕೆಂಡ್ ಹಿಂದೆ, ಇನ್ನೊಬ್ಬರು 33 ಸೆಕೆಂಡ್ ಹಿಂದೆ ಎಂದಿಟ್ಟುಕೊಳ್ಳಿ. ಕೊನೆಯವರನ್ನು ಮುಂದೆ ಎಳೆಯಲು ಆಗುವುದಿಲ್ಲ, ಮುಂದಿರುವವರೇ ಕಾಯಬೇಕು. ಡಿಶ್‌ನವರು ಲೈವ್ ನಿಲ್ಲಿಸುವ ಸೌಲಭ್ಯವಿರುವ ಬಾಕ್ಸ್‌ನಲ್ಲಿ 33 ಸೆಕೆಂಡ್ ನಿಲ್ಲಿಸಿ ಮತ್ತೆ ಬಿಡಬೇಕು, ನಡುವಿನವರು 11 ಸೆಕೆಂಡ್. ಆ್ಯಪ್‌ನಲ್ಲಿ ನಿಲ್ಲಿಸಿ ಬಿಟ್ಟ ಮೇಲೆ ‘ಲೈವ್’ ಎಂಬ ಗುಂಡಿ ಕರೆಯುತ್ತಿರುತ್ತದೆ, ಅದನ್ನು ಮುಟ್ಟಬೇಡಿ. ಮುಟ್ಟಿದರೆ ಮತ್ತೆ ಮುಂದಕ್ಕೆ ಜಿಗಿಯುತ್ತದೆ, ಅಳೆದದ್ದೆಲ್ಲ ವ್ಯರ್ಥ. ನೆಟ್‌ವರ್ಕ್ ಕೈಕೊಟ್ಟು ಚಿತ್ರ ಸುತ್ತುತ್ತ ನಿಂತರೆ ಅಷ್ಟು ಹೊತ್ತು ನೀವು ಇನ್ನೂ ಹಿಂದೆ ಬೀಳುತ್ತೀರಿ. ಆದ್ದರಿಂದ ಪ್ರತಿ ದೊಡ್ಡ ವಿರಾಮ ಮುಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಒಂದೆರಡು ಸೆಕೆಂಡ್ ಹೆಚ್ಚುಕಮ್ಮಿ ಆದರೆ ತೊಂದರೆಯಿಲ್ಲ, ಬೆರಳಚ್ಚಿಸಲು ಅಷ್ಟು ಹೊತ್ತು ಹೇಗೂ ಬೇಕು.

ಲೈವ್ ನಿಲ್ಲಿಸುವ ಸೌಲಭ್ಯ ಇಲ್ಲದಿದ್ದರೆ ಗುಂಪಿಗೊಂದು ಕಟ್ಟುಪಾಡು ಬೇಕು. ‘ಮುಂದಿನ ಚೆಂಡು ಆದ ಮೇಲೆ ಬರೆಯೋಣ’ ಎಂದು ಕೆಲವರು ಮಾಡಿಕೊಳ್ಳುತ್ತಾರೆ. ಅದು ಸಾಲದು. ಸ್ಪಿನ್ ಬೌಲಿಂಗ್ ನಡೆಯುತ್ತಿದ್ದರೆ ಅರ್ಧ ನಿಮಿಷದೊಳಗೆ ಮುಂದಿನ ಚೆಂಡು ಬಂದುಬಿಡುತ್ತದೆ. ಗೋಲೋ ವಿಕೆಟ್ಟೋ ಆದಾಗ ಪೂರ್ತಿ ಒಂದು ನಿಮಿಷ ಏನೂ ಬರೆಯದಿರುವುದು ಸರಿಯಾದ ಕಟ್ಟುಪಾಡು. ಬರೀ ‘ಅಯ್ಯೋ’ ಕೂಡ ಬೇಡ. ತಮ್ಮ ತಂಡ ಬ್ಯಾಟಿಂಗ್ ಮಾಡುವಾಗ ‘ಅಯ್ಯೋ’ ಅಂದರೆ ಏನೆಂದು ಗೊತ್ತಾಗದವರು ಯಾರು? ಸ್ಕೋರ್ ಹೇಳುವ ಆ್ಯಪ್‌ಗಳ ನೋಟಿಫಿಕೇಶನ್ ಆಟಕ್ಕೆ ಮುಂಚೆಯೇ ನಿಲ್ಲಿಸಿ. ಗುಂಪಿನ ಸಂದೇಶವನ್ನು ತಡೆಹಿಡಿದು ಕೂತವರಿಗೂ ಪರದೆಯ ತಲೆಯ ಮೇಲೆ ಆ ಪಟ್ಟಿ ಇಳಿದು ಎಲ್ಲ ಹೇಳಿಬಿಡುತ್ತದೆ.

ಆಟವನ್ನು ಆಮೇಲೆ ನೋಡುವವರಿಗೂ ಕೆಲವು ಮಾತು. ರೆಕಾರ್ಡಿಂಗ್ ಇಡುವಾಗ ಎಲ್ಲರೂ ಕಾರ್ಯಕ್ರಮಪಟ್ಟಿಯ ಅವಧಿಯನ್ನೇ ನಂಬುತ್ತಾರೆ, ಕೊನೆಯ ಭಾಗ ಕಳೆದುಕೊಳ್ಳುತ್ತಾರೆ. ನಾಕೌಟ್ ಫುಟ್‌ಬಾಲ್ ಪಂದ್ಯವಾದರೆ ವಿರಾಮ ಸೇರಿ ಎರಡು ಗಂಟೆ, ಸಮಬಲವಾದರೆ ಹೆಚ್ಚುವರಿ 30 ನಿಮಿಷ, ಆಮೇಲೆ ಪೆನಾಲ್ಟಿ. ಮೂರು ಗಂಟೆ ಇಡಿ. ಟಿ20ಗೆ ನಾಲ್ಕೂವರೆ ಗಂಟೆ ಇಟ್ಟರೆ ಸೂಪರ್ ಓವರ್‌ಗೂ ಸಣ್ಣ ಮಳೆಗೂ ಜಾಗ ಇರುತ್ತದೆ. ಟೆನಿಸ್‌ಗೆ ಭರವಸೆ ಕೊಡುವುದು ಕಷ್ಟ. 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಾಹು ಮೂರು ದಿನಗಳಲ್ಲಿ ಹಂಚಿ 11 ಗಂಟೆ 5 ನಿಮಿಷ ಆಡಿದರು, ಕೊನೆಯ ಸೆಟ್ 70-68. ಈಗ ಕೊನೆಯ ಸೆಟ್‌ಗೂ ಟೈಬ್ರೇಕ್ ಇರುವುದರಿಂದ ಅಷ್ಟು ದೂರ ಹೋಗದು, ಆದರೂ ಐದು ಸೆಟ್ ಪಂದ್ಯಕ್ಕೆ ಆರು ಗಂಟೆ ಮೀಸಲಿಡಿ.

ನೆಟ್‌ನಲ್ಲಿ ಪೂರ್ತಿ ಪಂದ್ಯ ಮತ್ತೆ ಹಾಕಿ ನೋಡುವಾಗ ಬೇರೊಂದು ಅಪಾಯವಿದೆ, ವಿಡಿಯೊದ ಉದ್ದ. ಎರಡು ಸೆಟ್ ಒಬ್ಬರೇ ಗೆದ್ದಿದ್ದಾರೆ, ಕೆಳಗಿನ ಪಟ್ಟಿಯಲ್ಲಿ ಇನ್ನೂ ಎರಡೂವರೆ ಗಂಟೆ ಬಾಕಿಯಿದೆ ಎಂದರೆ ಪಂದ್ಯ ತಿರುಗುತ್ತದೆ ಎಂದು ಆಗಲೇ ತಿಳಿದುಹೋಗುತ್ತದೆ. ಪರದೆಯ ಕೆಳ ಅಂಚಿಗೆ ಒಂದು ಕಾಗದದ ಪಟ್ಟಿ ಅಂಟಿಸಿ. ಮೊದಲು ನೋಡಿದವರು ‘ಏನೂ ಹೇಳಲ್ಲ, ಆದರೆ ಕೊನೇ ಓವರ್ ಮಾತ್ರ ತಪ್ಪಿಸಬೇಡ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳಿದ್ದು, ಆದರೆ ಅಲ್ಲಿಗೆ ಮೂರು ಗಂಟೆಯ ಕುತೂಹಲ ಮುಗಿಯಿತು. ಹದಿನೈದನೆಯ ಓವರ್‌ನಲ್ಲಿ ಎಷ್ಟೇ ವಿಕೆಟ್ ಬಿದ್ದರೂ ಇದು ಕೊನೆಯವರೆಗೆ ಹೋಗುತ್ತದೆ ಎಂದು ನೋಡುವವರಿಗೆ ಗೊತ್ತು.

ಸಿನಿಮಾ, ಧಾರಾವಾಹಿಗಳ ಮಾತಿಗೂ ಇದೇ ನ್ಯಾಯ ಹೊಂದುತ್ತದೆ. ‘ಕೊನೇಲಿ ಒಂದು ತಿರುವಿದೆ’ ಎನ್ನುವುದೂ ಕಥೆ ಹೇಳಿದಂತೆಯೇ. ಆಟದ ಬಳಗದಲ್ಲಿ ಮನರಂಜನೆಯ ಮಾತು ಬಹಳ ಬರುತ್ತದೆ, ಆದ್ದರಿಂದ ಒಪ್ಪಂದ ಮಾಡಿಕೊಳ್ಳಿ. ಧಾರಾವಾಹಿಯಾದರೆ ಎಲ್ಲರಿಗಿಂತ ಹಿಂದೆ ಇರುವವರು ಎಷ್ಟನೆಯ ಕಂತಿನಲ್ಲಿದ್ದಾರೋ ಅಲ್ಲಿಯವರೆಗೆ ಮಾತ್ರ ಮಾತು. ಸಿನಿಮಾ ನೋಡದವರು ಒಬ್ಬರಿದ್ದರೂ ಕಥೆ ಬಿಟ್ಟು ಉಳಿದದ್ದು ಮಾತಾಡಿ. ಯಾರ ನಟನೆ ಹಿಡಿಸಿತು, ಮಕ್ಕಳನ್ನು ಕರೆದೊಯ್ಯಬಹುದೇ, ದ್ವಿತೀಯಾರ್ಧ ಎಳೆಯುತ್ತದೆಯೇ, ಕಥೆ ಹಿಡಿಯಲು ಎಷ್ಟು ಹೊತ್ತು ಬೇಕು. ಈ ಕೊನೆಯದು ತುಂಬ ಉಪಯೋಗದ ಮಾಹಿತಿ. ‘ಮೊದಲ ಎರಡು ಕಂತು ನಿಧಾನ, ಮೂರರಲ್ಲಿ ಕೂರಿಸಿಕೊಳ್ಳುತ್ತೆ’ ಎಂದರೆ ಕೇಳಿದವರು ಎರಡರಲ್ಲೇ ಬಿಟ್ಟುಬಿಡುವುದಿಲ್ಲ.

ಈಗ ವಾದಗಳಿಗೆ ಬರುತ್ತೇನೆ. ಹಳೆಯ ಅಭಿಮಾನಿಗಳು ಸೇರಿದಲ್ಲಿ ‘ಆ ಕಾಲದವರೇ ಕಾಲದವರು’ ಎಂಬ ವಾದ ಇದ್ದೇ ಇರುತ್ತದೆ. ಅದು ಜಗಳವಾಗುವುದು ಅಂಕಿಗಳನ್ನು ನೇರವಾಗಿ ಪಕ್ಕಪಕ್ಕ ಇಟ್ಟಾಗ. 1984ರಲ್ಲಿ ಊವೆ ಹೋನ್ ಜಾವೆಲಿನ್ ಅನ್ನು 104.80 ಮೀಟರ್ ಎಸೆದರು. ಇಂದಿನವರು ಯಾರೂ ಅಷ್ಟು ಎಸೆಯುವುದಿಲ್ಲ. ಇಂದಿನವರ ತೋಳಿನಲ್ಲಿ ಬಲವಿಲ್ಲವೇ? 1986ರಲ್ಲಿ ಪುರುಷರ ಜಾವೆಲಿನ್‌ನ ಗುರುತ್ವಕೇಂದ್ರವನ್ನು ನಾಲ್ಕು ಸೆಂಟಿಮೀಟರ್ ಮುಂದಕ್ಕೆ ಸರಿಸಿದರು. ಮೂತಿ ಬೇಗ ಕೆಳಗಾಗಿ ಬೇಗ ನೆಲಕ್ಕೆ ನಾಟುವಂತಾಯಿತು, ದಾಖಲೆಗಳನ್ನು ಹೊಸದಾಗಿ ಬರೆಯಲು ಶುರು ಮಾಡಿದರು. ಫುಟ್‌ಬಾಲ್‌ನಲ್ಲಿ 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬಂತು. ಸಹ ಆಟಗಾರ ಕಾಲಿಂದ ಬೇಕೆಂದೇ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟುವಂತಿಲ್ಲ ಎಂದಾಯಿತು, ಹೊತ್ತು ಕಳೆಯುವ ಹಳೆಯ ದಾರಿ ಮುಚ್ಚಿತು. ಹಾಗಾಗಿ ವಾದಕ್ಕೆ ಒಳ್ಳೆಯ ಪ್ರಶ್ನೆ ಇದು: ಆತ ತನ್ನ ಕಾಲದವರಿಗಿಂತ ಎಷ್ಟು ಮುಂದಿದ್ದ? ಬ್ರಾಡ್‌ಮನ್ 52 ಟೆಸ್ಟ್‌ಗಳಲ್ಲಿ 6996 ರನ್, ಸರಾಸರಿ 99.94. ಅವರ ಕಾಲದಲ್ಲಿ ಅದೇ ಪಿಚ್, ಅದೇ ಬ್ಯಾಟ್ ಹಿಡಿದ ಉಳಿದವರು ಎಷ್ಟು ಗಳಿಸಿದರು ಎಂದು ನೋಡಿದಾಗಲೇ ಆ ಅಂಕಿಗೆ ತೂಕ ಬರುವುದು. ಹೀಗೆ ಕೇಳಿದರೆ ಇಪ್ಪತ್ತರ ಹುಡುಗನೂ ಎಪ್ಪತ್ತರ ಅಜ್ಜನೂ ಒಂದೇ ಲೆಕ್ಕದ ಮೇಲೆ ಮಾತಾಡಬಹುದು.

ನೆನಪಿನ ವಾದ ಬೇರೆ ತರಹದ್ದು. ‘ಆ ಕ್ಯಾಚ್ ಹಿಡಿದದ್ದು ಇವನಲ್ಲ, ಅವನು’ ಎಂದು ಶುರುವಾದ ಕೂಡಲೇ ಯಾರೋ ಫೋನ್ ತೆಗೆಯುತ್ತಾರೆ, ಹತ್ತು ಸೆಕೆಂಡ್‌ನಲ್ಲಿ ಉತ್ತರ, ಮಾತು ಮುಗಿಯಿತು. ಉತ್ತರ ಸಿಕ್ಕಿತು, ಆದರೆ ಆ ಕ್ಯಾಚ್ ಅನ್ನು ಯಾರು ಎಲ್ಲಿ ಕೂತು ನೋಡಿದ್ದರು, ಆಗ ಏನು ಕೆಲಸದಲ್ಲಿದ್ದರು, ಜೊತೆಗೆ ಯಾರಿದ್ದರು ಎಂಬುದು ಹೊರಗೆ ಬರಲೇ ಇಲ್ಲ. ಮುಂದಿನ ದೊಡ್ಡ ವಿರಾಮದವರೆಗೆ ಫೋನ್ ತೆಗೆಯದಿರಿ, ಅಲ್ಲಿಯವರೆಗೆ ಎಲ್ಲರೂ ತಮಗೆ ನೆನಪಿದ್ದಂತೆ ಹೇಳಲಿ. ಕೆಲವನ್ನು ಫೋನ್ ಕೂಡ ತೀರ್ಮಾನಿಸಲಾರದು. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17ಕ್ಕೆ 5 ಆಗಿದ್ದರೂ ಕಪಿಲ್ ದೇವ್ 175 ಗಳಿಸಿ ಔಟಾಗದೆ ಉಳಿದರು, ತಂಡ 8 ವಿಕೆಟ್‌ಗೆ 266 ಮುಟ್ಟಿತು. ಆ ಪಂದ್ಯ ಟಿವಿಯಲ್ಲಿ ಬರಲಿಲ್ಲ. ಆದರೂ ‘ನಾನು ನೋಡಿದ್ದೆ’ ಎಂದು ನಂಬಿಕೊಂಡೇ ಹೇಳುವವರು ಸಿಗುತ್ತಾರೆ. ಕೇಳಿದ್ದು, ಓದಿದ್ದು, ಬೇರೆ ಪಂದ್ಯಗಳಲ್ಲಿ ಕಪಿಲ್ ಹೊಡೆದದ್ದು ಎಲ್ಲ ಕಲೆತು ನೋಡಿದಂತೆಯೇ ಕೂತುಬಿಡುತ್ತದೆ. ಅವರನ್ನು ಎಲ್ಲರೆದುರು ತಿದ್ದುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ. ‘ಆ ದಿನ ಸುದ್ದಿ ನಿಮಗೆ ಹೇಗೆ ತಲುಪಿತು?’ ಎಂದು ಕೇಳಿ, ನಿಜವಾದ ನೆನಪು ಆಗ ಬರುತ್ತದೆ.

ಬಳಗಕ್ಕೆ ಹೊಸಬರು ಬಂದಾಗ ನಿಯಮ ವಿವರಿಸಲು ಎಲ್ಲರೂ ಒಟ್ಟಿಗೆ ಬಾಯಿ ಹಾಕುತ್ತಾರೆ, ಹೊಸಬರು ಸುಸ್ತಾಗುತ್ತಾರೆ. ಒಬ್ಬರೇ ವಿವರಿಸಲಿ, ಒಂದು ಬಿಡುವಿನಲ್ಲಿ ಮುಗಿಯುವಷ್ಟೇ ಹೇಳಲಿ. ಎಲ್‌ಬಿಡಬ್ಲ್ಯುಗೆ ಮೂರು ಪ್ರಶ್ನೆ ಸಾಕು: ಚೆಂಡು ಲೆಗ್ ಸ್ಟಂಪ್‌ನ ಆಚೆ ನೆಲಕ್ಕೆ ಬಿದ್ದಿತ್ತೇ, ಪ್ಯಾಡ್‌ಗೆ ಬಡಿದಾಗ ಸ್ಟಂಪ್‌ಗಳ ಸಾಲಿನಲ್ಲಿತ್ತೇ, ತಡೆಯದಿದ್ದರೆ ಸ್ಟಂಪ್‌ಗೆ ಬಡಿಯುತ್ತಿತ್ತೇ? ಮೊದಲನೆಯದಕ್ಕೆ ಇಲ್ಲ, ಉಳಿದೆರಡಕ್ಕೂ ಹೌದು ಎಂದಾದರೆ ಔಟ್. ಹೊಡೆಯಲು ಯತ್ನಿಸದಿದ್ದಾಗಿನ ವಿನಾಯಿತಿ ಇನ್ನೊಂದು ದಿನಕ್ಕಿರಲಿ. ಆಫ್‌ಸೈಡ್‌ಗೆ ಇಷ್ಟೇ ಹೇಳಿ: ಮುಂದಿರುವ ಆಟಗಾರ ಎಲ್ಲಿದ್ದ ಎಂದು ಸಹ ಆಟಗಾರ ಚೆಂಡು ಒದ್ದ ಕ್ಷಣದಲ್ಲಿ ನೋಡಬೇಕು, ಚೆಂಡು ತಲುಪಿದ ಕ್ಷಣದಲ್ಲಿ ಅಲ್ಲ. ಹೊಸಬರ ಗೊಂದಲ ಬಹುಪಾಲು ಅಲ್ಲಿಗೆ ಕಳೆಯುತ್ತದೆ.

ಸೋಲಿನ ದಿನದ ಮಾತು ನಾಜೂಕು. 1976ರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಸಿದ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಗೆದ್ದ ಮೇಲಿನ ಸೋಮವಾರ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆ ಹೆಚ್ಚು ತೊಟ್ಟು ಬರುತ್ತಿದ್ದರು. ಗೆಲುವಿನ ಬಗ್ಗೆ ಕೇಳಿದಾಗ ‘ನಾವು’ ಎನ್ನುವುದೂ ಹೆಚ್ಚಿತ್ತು. ಹಳೆಯ ಅಭಿಮಾನಿಗಳನ್ನು ಗುರುತಿಸುವುದು ಸೋತ ಸೋಮವಾರದಲ್ಲಿ, ಅವರು ಆಗಲೂ ‘ನಾವು ಸೋತ್ವಿ’ ಎನ್ನುತ್ತಾರೆ. ಅಂಥವರನ್ನು ಆ ರಾತ್ರಿಯೇ ಛೇಡಿಸಬೇಡಿ. ಮರುದಿನ ಅವರೇ ಆಟದ ಮಾತು ಎತ್ತುತ್ತಾರೆ, ಆಗ ಎಷ್ಟು ಬೇಕಾದರೂ ಕಾಲೆಳೆಯಬಹುದು. ಅವರು ಎತ್ತದಿದ್ದರೆ ಸಿನಿಮಾ ಇದೆ, ಮಂಡಿನೋವಿದೆ.

ಒಂದೇ ಹೊತ್ತಿಗೆ ಎರಡು ಆಟ ಬಂದರೆ? 2019ರ ಜುಲೈ 14 ನೆನಪಿರಬಹುದು. ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ 241ಕ್ಕೆ ಟೈ ಆಗಿ, ಸೂಪರ್ ಓವರ್ ಕೂಡ 15ಕ್ಕೆ ಟೈ ಆಗಿ ಬೌಂಡರಿ ಎಣಿಕೆಯಲ್ಲಿ ತೀರ್ಮಾನವಾಯಿತು. ಅದೇ ಹೊತ್ತಿಗೆ ವಿಂಬಲ್ಡನ್‌ನಲ್ಲಿ ಜೊಕೊವಿಚ್ ಮತ್ತು ಫೆಡರರ್ 4 ಗಂಟೆ 57 ನಿಮಿಷ ಆಡುತ್ತಿದ್ದರು. ಎರಡು ಪರದೆ ಇಟ್ಟರೆ ದನಿ ಒಂದಕ್ಕೆ ಮಾತ್ರ ಇರಲಿ. ಯಾವುದಕ್ಕೆ ಎನ್ನುವುದಕ್ಕೆ ಸರಳ ಸೂತ್ರವಿದೆ. ಕ್ರಿಕೆಟ್‌ನಲ್ಲೂ ಟೆನಿಸ್‌ನಲ್ಲೂ ಯಾವಾಗ ನೋಡಬೇಕು ಎಂದು ಕಣ್ಣಿಗೇ ತಿಳಿಯುತ್ತದೆ, ಬೌಲರ್ ಓಡುತ್ತಾನೆ, ಆಟಗಾರ ಚೆಂಡು ಪುಟಿಸುತ್ತಾನೆ. ಫುಟ್‌ಬಾಲ್‌ನಲ್ಲಿ ಗೋಲು ಯಾವ ಕ್ಷಣಕ್ಕಾದರೂ ಬರಬಹುದು. ಆದ್ದರಿಂದ ಫುಟ್‌ಬಾಲ್‌ಗೆ ದನಿ ಕೊಡಿ, ಇನ್ನೊಂದನ್ನು ಮೌನವಾಗಿಡಿ. ಎರಡೂ ಕ್ರಿಕೆಟ್, ಟೆನಿಸ್‌ನಂಥವೇ ಆದರೆ ಹೆಚ್ಚು ಜನಕ್ಕೆ ಬೇಕಾದದ್ದಕ್ಕೆ ದನಿ.

ಮಳೆ ಬಂದು ಆಟ ನಿಂತರೆ ಮೊದಲು ಮಾಡಬೇಕಾದದ್ದು ಎಷ್ಟು ಹೊತ್ತು ಸಿಕ್ಕಿತು ಎಂದು ಅಂದಾಜಿಸುವುದು. ಟಿ20ಯಲ್ಲಿ ಫಲಿತಾಂಶಕ್ಕೆ ಎರಡನೆಯ ತಂಡ ಕನಿಷ್ಠ 5 ಓವರ್, ಏಕದಿನದಲ್ಲಿ 20 ಓವರ್ ಆಡುವಂತಿರಬೇಕು. ಅದಕ್ಕೆ ತಕ್ಕಂತೆ ಕೊನೆಯ ಗಡುವು ಎಷ್ಟಕ್ಕೆ ಎಂದು ಪ್ರಸಾರದಲ್ಲಿ ಹೇಳುತ್ತಾರೆ. ಅದು ತಿಳಿದರೆ ಮನಸ್ಸು ಪರದೆಗೆ ಜೋತುಬೀಳುವುದಿಲ್ಲ, ದೊಡ್ಡ ಮಾತನ್ನು ಧೈರ್ಯವಾಗಿ ಎತ್ತಬಹುದು.

ಕೊನೆಗೆ, ಆಟವೇ ಇಲ್ಲದ ತಿಂಗಳುಗಳು. ಬಳಗ ಚದುರುವುದು ಸಾಮಾನ್ಯವಾಗಿ ಆಗಲೇ. ಬರೀ ಮಾತಿಗೆಂದು ಕರೆದರೆ ಅರ್ಧ ಜನ ಬರುವುದಿಲ್ಲ, ಬಂದವರಿಗೂ ಏನು ಮಾತಾಡುವುದೆಂದು ತೋಚುವುದಿಲ್ಲ. ಹಳೆಯ ಪಂದ್ಯ ಹಾಕಿ. ಆರಿಸುವಾಗ ಫಲಿತಾಂಶ ಎಲ್ಲರಿಗೂ ಗೊತ್ತಿದ್ದು ನಡುವೆ ಏನಾಯಿತೆಂದು ಯಾರಿಗೂ ಸರಿಯಾಗಿ ನೆನಪಿಲ್ಲದ್ದು ನೋಡಿ. ತೀರಾ ಪ್ರಸಿದ್ಧ ಪಂದ್ಯವಾದರೆ ಪ್ರತಿ ಚೆಂಡೂ ಬಾಯಿಪಾಠ ಇರುತ್ತದೆ, ಎಲ್ಲರೂ ಮುಂದಾಗಿ ಹೇಳಲು ತೊಡಗುತ್ತಾರೆ. ಹೈಲೈಟ್ಸ್ ಹಾಕಬೇಡಿ. ಅದರಲ್ಲಿ ಬೌಂಡರಿ, ವಿಕೆಟ್ ಎಲ್ಲ ಇರುತ್ತವೆ, ಬಿಡುವುಗಳನ್ನೆಲ್ಲ ಕತ್ತರಿಸಿರುತ್ತಾರೆ, ಮಾತಿಗೆ ಜಾಗವೇ ಇರುವುದಿಲ್ಲ. ಪೂರ್ತಿ ಪಂದ್ಯದ ಒಂದು ಅವಧಿಯನ್ನು, ಅಂದರೆ ಎರಡು ಗಂಟೆಯಷ್ಟನ್ನು, ಓವರ್‌ಗಳ ನಡುವಿನ ಹೊತ್ತನ್ನೂ ಓಡಿಸದೆ, ದನಿ ಅರ್ಧಕ್ಕಿಟ್ಟು ಹಾಕಿ.